ಮಾವನ ಟಿಕ್ಕು, ನನ್ನ ಪರೀಕ್ಷೆ

ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಬರುತ್ತದೋ ಇಲ್ಲವೋ ಎಂಬ ಅನುಮಾನ ಊರಿನವರಿಗೆ ಮೊದಲಿನಿಂದಲೂ ಇತ್ತು. 2012ರಲ್ಲಿ ಅದು ಸರ್ಕಾರಕ್ಕೂ ಬಂತು. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಹೊರಬಿದ್ದದ್ದು ಆ ವರ್ಷವೇ. ಪಾಸಾಗದಿದ್ದರೆ ಬಡ್ತಿ ಇಲ್ಲ, ಇನ್‌ಕ್ರಿಮೆಂಟಿಗೂ ಕುತ್ತು ಎಂದು ಕಚೇರಿಯಲ್ಲಿ ಗುಸುಗುಸು ಎದ್ದಿತು. ಆದರೆ ಸರ್ಕಾರ ತಾಯಿಯಂಥದ್ದು ನೋಡಿ, ಗಡುವನ್ನು ಮುಂದೂಡಿತು. ಆಮೇಲೆ ಮತ್ತೂ ಮುಂದೂಡಿತು. ಪ್ರತಿ ಸುತ್ತೋಲೆ ಬಂದಾಗಲೂ ನಾನು ನಿಟ್ಟುಸಿರುಬಿಟ್ಟು, "ಇನ್ನು ಸರಿಯಾಗಿ ತಯಾರಿ ಮಾಡಬಹುದು" ಎನ್ನುತ್ತಿದ್ದೆ. ತಯಾರಿ ಅಂದರೆ ಮೊದಲು ಒಳ್ಳೆಯ ಗೈಡ್ ಆರಿಸುವುದು. ಒಳ್ಳೆಯ ಗೈಡ್ ಆರಿಸುವುದು ಅಂದರೆ ಅವಸರಪಡದೆ ಇರುವುದು. ನಾನು ಅವಸರಪಡಲಿಲ್ಲ.

ಬಿ.ಸಿ. ರೋಡಿನ ಪುಸ್ತಕದಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ "ದಪ್ಪದ್ದಾ, ತೆಳುವಿದ್ದದ್ದಾ?" ಎಂದು. ಎರಡನ್ನೂ ಎದುರಿಗಿಟ್ಟರು. ಎರಡರ ಮುಖಪುಟದಲ್ಲೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಒಬ್ಬಳೇ ವಿದೇಶಿ ಹುಡುಗಿ, ಅದೇ ನಗು. ತೆಳುವಿನದರಲ್ಲಿ ಎಕ್ಸೆಲ್ ಹಾಳೆಗೆ 65,536 ಸಾಲು ಎಂದಿತ್ತು, ದಪ್ಪದ್ದರಲ್ಲಿ 10,48,576. ಒಂದೇ ಹಾಳೆಗೆ ಒಂಬತ್ತೂ ಮುಕ್ಕಾಲು ಲಕ್ಷ ಸಾಲಿನ ವ್ಯತ್ಯಾಸ! ಜಮಾಬಂದಿಯಲ್ಲಿ ಇಂಥದ್ದು ಸಿಕ್ಕಿದರೆ ಯಾರಾದರೂ ಅಮಾನತು ಆಗಿರುತ್ತಿದ್ದರು. ಅಂಗಡಿಯಲ್ಲೇ ನಿಂತು ಅರ್ಧ ಗಂಟೆ ತಾಳೆ ನೋಡಿದೆ. ಎರಡೂ ಸರಿಯೇ ಎಂದು ಆಮೇಲೆ ತಿಳಿಯಿತು: ಮೊದಲನೆಯದು 2003ರ ಎಕ್ಸೆಲ್‌ನ ಲೆಕ್ಕ, ಎರಡನೆಯದು 2007ರ ನಂತರದ್ದು. ಪರೀಕ್ಷೆ ಯಾವ ಕಾಲದ ಎಕ್ಸೆಲ್ ಮೇಲೆ ಎಂಬ ಚಿಂತೆಯಲ್ಲಿ ಎರಡನ್ನೂ ಬಿಟ್ಟು ಮನೆಗೆ ಬಂದೆ.

ನನ್ನ ಹೆಂಡತಿ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ದಿನವಿಡೀ ಕಂಪ್ಯೂಟರಿನ ಮುಂದೆಯೇ ಕೆಲಸ. ಆದರೆ ಅವಳು ಅದರ ಬಗ್ಗೆ ಮಾತನಾಡುವುದನ್ನು ಯಾರೂ ಕೇಳಿಲ್ಲ. ನನ್ನ ಸಾಲಿನ ಸಮಸ್ಯೆಯನ್ನು ಪೂರ್ತಿ ಕೇಳಿಸಿಕೊಂಡು, ಬಸಳೆ ಹಚ್ಚುತ್ತಾ ಕೇಳಿದಳು: "ನೀವು ಇಷ್ಟು ವರ್ಷದಲ್ಲಿ ಒಂದು ಶೀಟಿನಲ್ಲಿ ಹೆಚ್ಚೆಂದರೆ ಎಷ್ಟು ಸಾಲು ತುಂಬಿದ್ದೀರಿ?"

"ಮೊನ್ನೆಯದ್ದರಲ್ಲಿ ನಲವತ್ತು ಇತ್ತು."

"ಹಾಗಾದ್ರೆ ಎರಡು ಪುಸ್ತಕವೂ ನಿಮಗೆ ಸಾಕು."

ಇಂಥ ಮಾತಿಗೆ ಉತ್ತರ ಕೊಡಬಾರದು, ಕೊಟ್ಟರೆ ಬಸಳೆ ನಾವೇ ಹಚ್ಚಬೇಕಾಗುತ್ತದೆ. ಮರುದಿನ ತೆಳುವಿನದನ್ನು ಮನೆಗೆ ತಂದೆ. ದಪ್ಪದ್ದನ್ನೂ ತಂದೆ. ಅಮ್ಮನಿಗೆ ಕೇಳಲಿ ಎಂದು ಜಗಲಿಯಲ್ಲಿ ಗಟ್ಟಿಯಾಗಿ ಓದಿದೆ: "ಒಂದು ಕಿಲೋಬೈಟ್ ಅಂದರೆ 1024 ಬೈಟ್." ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿ, "ಕಿಲೋಕ್ಕೆ ಇಪ್ಪತ್ತನಾಲ್ಕು ಹೆಚ್ಚು ಹಾಕಿ ಕೊಡುವವರು ಎಲ್ಲಿ ಉಂಟು ಮಗಾ? ಅಲ್ಲಿಂದಲೇ ಸಾಮಾನು ತಾ" ಎಂದರು.

ಮನೆಯಲ್ಲಿ ವಿದ್ಯೆಗೆ ಬೆಲೆಯಿಲ್ಲವೆಂದು ಖಾತ್ರಿಯಾಗಿ, ಆ ಭಾನುವಾರ ಸಿದ್ದಕಟ್ಟೆಯ ಮೇಲಿನ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆ. ಅಣ್ಣನ ಮಗ ಅಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ಇಬ್ಬರು ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದಾನೆ. ನನ್ನ ಎರಡು ಗೈಡುಗಳನ್ನು ಕಂಡು ಅವನಿಗೆ ನಗು ತಡೆಯಲಿಲ್ಲ. ಹಾಸಿಗೆಯ ಕೆಳಗಿನಿಂದ ಒಂದು ಪುಸ್ತಕ ಎಳೆದು ತೆಗೆದ. ಸಾವಿರಕ್ಕೂ ಹೆಚ್ಚು ಪುಟ. "ಚಿಕ್ಕಪ್ಪ, ಕಂಪ್ಯೂಟರ್ ರಿಪೇರಿ ಲೈನಿಗೆ ಹೋಗುವವರ ಮೊದಲ ಮೆಟ್ಟಿಲು ಇದು. ಎ ಪ್ಲಸ್ ಅಂತ ಹೇಳ್ತಾರೆ. ಅಮೆರಿಕದ ಕಾಂಪ್‌ಟಿಯಾ ಸಂಸ್ಥೆಯದ್ದು, ಲೋಕವೆಲ್ಲ ನಡೆಯುತ್ತದೆ. ಎರಡು ಪೇಪರು. ಒಂದೊಂದಕ್ಕೆ ತೊಂಬತ್ತು ನಿಮಿಷ, ಹೆಚ್ಚೆಂದರೆ ತೊಂಬತ್ತು ಪ್ರಶ್ನೆ."

ಮೊದಲ ಮೆಟ್ಟಿಲೇ ಸಾವಿರ ಪುಟ! ಕುತೂಹಲಕ್ಕೆ ಮಧ್ಯದಲ್ಲೆಲ್ಲೋ ತೆರೆದರೆ ಲೇಸರ್ ಪ್ರಿಂಟರ್ ಕೆಲಸ ಮಾಡುವ ಬಗೆ ಇತ್ತು. ಡ್ರಮ್ಮಿಗೆ ವಿದ್ಯುತ್ತಿನ ಲೇಪ ಕೊಡುವುದು, ಲೇಸರ್ ಬೆಳಕಿನಿಂದ ಅದರ ಮೇಲೆ ಅಕ್ಷರ ಮೂಡಿಸುವುದು, ಆ ಜಾಗಕ್ಕೆ ಟೋನರ್ ಪುಡಿ ಅಂಟುವುದು, ಪುಡಿ ಕಾಗದಕ್ಕೆ ಇಳಿಯುವುದು, ಬಿಸಿಗೆ ಕರಗಿ ಕೂರುವುದು. ಹೀಗೆ ಒಟ್ಟು ಏಳು ಹಂತ. ನಾನು ಬೆರಗಾಗಿ ಓದಿದೆ. ನಮ್ಮ ಕಚೇರಿಯಲ್ಲಿ ಇರುವುದು ಎಂಟನೆಯ ಹಂತ: ಟೋನರ್ ಖಾಲಿ ಎಂದು ದೀಪ ಉರಿದಾಗ ಕಾರ್ಟ್ರಿಡ್ಜ್ ಹೊರಗೆಳೆದು, ಎರಡು ಕೈಯಲ್ಲಿ ಹಿಡಿದು ಆಚೆ ಈಚೆ ಅಲ್ಲಾಡಿಸಿ ಮತ್ತೆ ತಳ್ಳಿದರೆ ಇನ್ನಷ್ಟು ಪುಟ ಬರುತ್ತದೆ. ಇದರಲ್ಲಿ ನನ್ನನ್ನು ಮೀರಿಸುವವರು ಇಡೀ ವಿಭಾಗದಲ್ಲಿಲ್ಲ, ಪಕ್ಕದ ಕಚೇರಿಯಿಂದಲೂ ಕರೆ ಬರುತ್ತದೆ. ಈ ಹಂತ ಪುಸ್ತಕದಲ್ಲಿ ಏಕಿಲ್ಲ ಎಂದು ಹುಡುಗನನ್ನು ಕೇಳಿದೆ. ಅವನು ಗೆಳೆಯರ ಮುಖ ನೋಡಿದ.

"ಇದು ನಿಮಗೆ ಬೇಡ ಚಿಕ್ಕಪ್ಪ, ನಿಮ್ಮದು ಬೇರೆ ಪರೀಕ್ಷೆ" ಎಂದು ಪುಸ್ತಕವನ್ನು ಮತ್ತೆ ಹಾಸಿಗೆಯಡಿಗೆ ತಳ್ಳಿದ. ಮೂಡುಬಿದಿರೆಯಲ್ಲಿ ಪುಸ್ತಕ ಕಾಯುವುದು ಹೊಸದೇನಲ್ಲ. ಧವಲಾ, ಜಯಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಇಲ್ಲಿನ ಬಸದಿಯಲ್ಲಿ ಶತಮಾನಗಟ್ಟಲೆ ದರ್ಶನಕ್ಕೆ ಮಾತ್ರ ಇದ್ದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಗಿ, ಧವಲೆಯ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ನಾನು ಗೈಡ್ ಆರಿಸಲು ತೆಗೆದುಕೊಂಡ ಸಮಯ ಆ ಲೆಕ್ಕದಲ್ಲಿ ಏನೇನೂ ಅಲ್ಲ. ಹೆಂಡತಿಗೆ ಇದನ್ನು ಹೇಳಿದೆ. "ಅಲ್ಲಿ ಕಾದದ್ದಕ್ಕೆ ಕೊನೆಗೆ ಓದುವವರು ಸಿಕ್ಕಿದ್ರು" ಎಂದಳು.

ಅಷ್ಟಮಿಗೆ ಬೆಳ್ತಂಗಡಿಗೆ, ಅವಳ ತವರಿಗೆ ಹೋದಾಗ ದಪ್ಪದ ಗೈಡನ್ನು ಚೀಲದಲ್ಲಿ ಹಾಕಿಕೊಂಡೆ. ಮಾವ ನಿವೃತ್ತ ಹೆಡ್‌ಮಾಸ್ಟರು. ಕೆಂಪು ಪೆನ್ನು ಇಲ್ಲದೆ ಅವರು ಮದುವೆ ಕಾಗದವನ್ನೂ ಓದುವುದಿಲ್ಲ. ಗೈಡಿನ ಮೊದಲ ಪುಟದಲ್ಲಿ 'ಘಣಕಯಂತ್ರ' ಕಂಡಿತು, ಎರಡನೆಯದರಲ್ಲಿ 'ಧತ್ತಾಂಶ'. ಮಾವನ ಮುಖ ಕೆಂಪಾಯಿತು.

"ಅಳಿಯಂದಿರೇ, ನೀವು ಬಂಟ್ವಾಳದವರು. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಊರು ಅದು. ಮಕ್ಕಳಿಗೆ ಪಾಠಪುಸ್ತಕ ಹೇಗೆ ಬರೆಯಬೇಕು ಎಂದು ಕನ್ನಡಕ್ಕೇ ತೋರಿಸಿದವರು. ಆ ಊರಿನ ಅಂಗಡಿಯಲ್ಲಿ ನೀವು ದುಡ್ಡು ಕೊಟ್ಟು ಇದನ್ನು ತಂದಿರಾ?"

"ಇದು ದಪ್ಪ ಇತ್ತು ಮಾವ" ಎಂದೆ.

"ಎರಡು ದಿನ ಇಲ್ಲಿರಲಿ" ಎಂದರು. ಎರಡು ದಿನವೂ ಅವರು ಚಾವಡಿಯ ಬೆಂಚಿನಿಂದ ಎದ್ದದ್ದು ಊಟಕ್ಕೆ ಮಾತ್ರ. ಮೂರನೆಯ ದಿನ ಪುಸ್ತಕ ಕೈಗೆ ಬಂದಾಗ ನನ್ನ ಕಣ್ಣು ತುಂಬಿತು. ಪುಟ ಪುಟಕ್ಕೂ ಕೆಂಪು ಟಿಕ್ಕು! ಪ್ರಶ್ನೆಗೆ ನಾಲ್ಕು ಉತ್ತರವಿದ್ದಲ್ಲಿ ಒಂದಕ್ಕೆ ಟಿಕ್ಕು, ಉಳಿದ ಮೂರಕ್ಕೆ ಗೀಟು. ಈ ವಯಸ್ಸಿನಲ್ಲಿ ಅಳಿಯನಿಗಾಗಿ ಕಂಪ್ಯೂಟರ್ ಕಲಿತು ಉತ್ತರ ಗುರುತು ಹಾಕಿದರಲ್ಲ! ಗುರುವಾಯನಕೆರೆ ದಾಟುವಾಗಲೇ ಬಸ್ಸಿನಲ್ಲಿ ಉರುಹೊಡೆಯಲು ಶುರುಮಾಡಿದೆ.

ಆ ರಾತ್ರಿ ಹೆಂಡತಿಗೆ ಪುಸ್ತಕ ಕೊಟ್ಟು, ಕೇಳು ಎಂದೆ.

"ಇನ್‌ಪುಟ್ ಸಾಧನ ಯಾವುದು?"

"ಮುದ್ರಕ."

ಅವಳು ಕನ್ನಡಕ ತೆಗೆದಳು. "ಪ್ರಿಂಟರಾ?"

"ಹೌದು. ಕಾಗದ ಒಳಗೆ ಹಾಕುವುದಿಲ್ಲವಾ? ಹಾಕಿದರೆ ಅದು ಇನ್‌ಪುಟ್ಟೇ." ನನಗೂ ಮೊದಲು ಸ್ವಲ್ಪ ಸಂಶಯವಿತ್ತು, ಆದರೆ ಮಾವನ ಟಿಕ್ಕಿಗೆ ಎದುರಾಡುವಷ್ಟು ನಾನು ಬೆಳೆದಿಲ್ಲ. ಹಾಗಾಗಿ ಈ ತರ್ಕವನ್ನು ಪುಂಜಾಲಕಟ್ಟೆಯ ಹತ್ತಿರ ಸ್ವಂತವಾಗಿ ಕಂಡುಹಿಡಿದುಕೊಂಡಿದ್ದೆ.

ಅವಳು ಪುಟವನ್ನು ದೀಪಕ್ಕೆ ಹಿಡಿದು ನೋಡಿದಳು. ಮೊದಲನೆಯ ಆಯ್ಕೆ 'ಖೀಲಿಮಣೆ', ಗೀಟು. ಎರಡನೆಯದು 'ಮುದ್ರಕ', ಟಿಕ್ಕು. ಮೂರನೆಯದು 'ಪರಧೆ', ಗೀಟು. ನಾಲ್ಕನೆಯದು 'ದ್ವನಿವರ್ಧಕ', ಗೀಟು, ಜೊತೆಗೆ ಎರಡು ಆಶ್ಚರ್ಯಸೂಚಕ. ಅವಳು ಫೋನ್ ತೆಗೆದು ತಂದೆಗೆ ಮಾಡಿ ಸ್ಪೀಕರಿಗೆ ಹಾಕಿದಳು.

"ಕಾಗುಣಿತ ಸರಿ ಇದ್ದದ್ದಕ್ಕೆ ಟಿಕ್ಕು ಹಾಕಿದ್ದೇನೆ ಮಗಾ" ಎಂದರು ಮಾವ. "ಪುಟಕ್ಕೆ ನಾಲ್ಕೈದು ಸಿಕ್ಕಿದ್ದೇ ಹೆಚ್ಚು. ಅಳಿಯಂದಿರಿಗೆ ಉಪಯೋಗ ಆಯಿತಾ?"

"ತುಂಬಾ ಆಯಿತು ಮಾವ" ಎಂದು ನಾನು ದೂರದಿಂದ ಕೂಗಿದೆ.

ಅಂದಿನಿಂದ ಅವಳೇ ನನ್ನ ಗೈಡ್. ಬೆಲೆ ಎಂದರೆ ಬೆಳಿಗ್ಗೆ ತೆಂಗಿನಕಾಯಿ ತುರಿಯುವುದು. ಮೊದಲ ಪಾಠ ನುಡಿ. ಕನ್ನಡ ಗಣಕ ಪರಿಷತ್ತಿನ ಈ ತಂತ್ರಾಂಶದ ಕೀಲಿಮಣೆ ವಿನ್ಯಾಸದ ಬೇರು ಕೆ.ಪಿ. ರಾವ್ ಅವರದ್ದು. ರಾವ್ ಅವರ ಊರು ಕಿನ್ನಿಕಂಬಳ, ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯ ಕೈಕಂಬದ ಆಸುಪಾಸು. ನೆರೆಯವರ ಕೀಲಿಮಣೆಯೇ ಆದರೂ ನಾನು ಅದರ ಮೇಲೆ ಒಂದೇ ಬೆರಳಲ್ಲಿ ಸರ್ವಿಸ್ ಕಳೆದವನು. ಉಳಿದ ಒಂಬತ್ತನ್ನು ಬಡ್ತಿಗೆಂದು ಕಾದಿರಿಸಿದ್ದೇನೆ.

"ಬಂಟ್ವಾಳ ಅಂತ ಹೊಡೆಯಿರಿ" ಎಂದಳು.

ಬಿ ಒತ್ತಿದೆ, ಬ ಬಂತು. ಸೊನ್ನೆಗೆ ದೊಡ್ಡ ಎಂ. ಟ ಎಲ್ಲಿ? ಟೀ ಒತ್ತಿದರೆ ತ ಬಂತು. ಟ ಇರುವುದು ಕ್ಯೂ ಕೀಲಿಯಲ್ಲಿ. ಆಮೇಲೆ ವಿ, ದೊಡ್ಡ ಎ, ದೊಡ್ಡ ಎಲ್. ಪರದೆಯಲ್ಲಿ 'ಬಂಟವಾಳ' ಎಂದು ಕೂತಿತು.

"ವ ಒತ್ತಕ್ಷರ ಆಗಬೇಕು. ಮಧ್ಯ ಎಫ್ ಒತ್ತಬೇಕು ಮಾರಾಯ್ರೆ."

"ಬಂಟವಾಳ ಅಂತಲೂ ಬರೆಯುತ್ತಾರೆ. ಇದೂ ಚಾಲ್ತಿಯಲ್ಲಿ ಉಂಟು."

"ಹಾಗಾದ್ರೆ ಬೆಳ್ತಂಗಡಿ ಹೊಡೆಯಿರಿ."

ಎಫ್ ಇಲ್ಲದೆ 'ಬೆಳತಂಗಡಿ' ಆಯಿತು. ಅದನ್ನು ಸಮರ್ಥಿಸಲು ಬಾಯಿ ತೆರೆದವನು ಮಾವನ ಕೆಂಪು ಪೆನ್ನು ನೆನಪಾಗಿ ಮುಚ್ಚಿದೆ.

ಎಫ್ ಕೈಗೆ ಹತ್ತುವ ಹೊತ್ತಿಗೆ ಮಳೆ ಹಿಡಿಯಿತು, ಗುಡುಗು ಬಂದಾಗಲೆಲ್ಲ ಕರೆಂಟು ಹೋಯಿತು. ಕರೆಂಟು ಹೋದದ್ದಕ್ಕೆ ಮನೆಯಲ್ಲಿ ಖುಷಿಪಟ್ಟವನು ನಾನೊಬ್ಬನೇ. ಕತ್ತಲೆಯಲ್ಲಿ ಅವಳು ಬಿಡಲಿಲ್ಲ, ಬಾಯಿಪಾಠ ಕೇಳಿದಳು: ಕಂಟ್ರೋಲ್ ಝಡ್ ಯಾಕೆ, ಕಂಟ್ರೋಲ್ ಎಸ್ ಯಾಕೆ, ಎಕ್ಸೆಲ್‌ನಲ್ಲಿ ಸೂತ್ರ ಯಾವ ಚಿಹ್ನೆಯಿಂದ ಶುರು. ಮೂಲೆಯಲ್ಲಿ ಮಲಗಿದ್ದ ಅಮ್ಮ "ಸಮ ಚಿಹ್ನೆ" ಎಂದು ನನಗಿಂತ ಮೊದಲೇ ಹೇಳಿಬಿಟ್ಟರು. ಕೇಳಿ ಕೇಳಿ ಅವರಿಗೆ ಬಾಯಿಗೆ ಬಂದಿತ್ತು. ಆ ಮನೆಯಲ್ಲಿ ಪರೀಕ್ಷೆಗೆ ತಯಾರಾಗದೆ ಉಳಿದದ್ದು ಅಭ್ಯರ್ಥಿ ಮಾತ್ರ.

ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬೇಕಲ್ಲ. ಹೆಂಡತಿಯನ್ನು ಕೇಳಲು ಮರ್ಯಾದೆ ಬಿಡಲಿಲ್ಲ, ಸೀದಾ ಬಿ.ಸಿ. ರೋಡಿನ ಒಂದು ಸೈಬರ್ ಅಂಗಡಿಗೆ ಹೋದೆ. ಕ್ಯೂ ಇತ್ತು. ಹುಡುಗ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ, "ನಿಮ್ಮದು ಯಾವುದು ಸರ್, ಆರ್‌ಟಿಸಿಯಾ, ಇನ್‌ಕಮ್ಮಾ?"

"ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ಅರ್ಜಿ" ಎಂದೆ, ಆದಷ್ಟು ಸಣ್ಣ ಸ್ವರದಲ್ಲಿ.

"ಆ ಬೆಂಚಿನಲ್ಲಿ ಕೂತ್ಕೊಳ್ಳಿ. ಅಲ್ಲಿರುವವರೆಲ್ಲ ಅದಕ್ಕೇ ಬಂದದ್ದು."

ಬೆಂಚಿನಲ್ಲಿ ನಮ್ಮದೇ ಕಚೇರಿಯ ಇಬ್ಬರಿದ್ದರು. ಮೂವರೂ ಒಬ್ಬರನ್ನೊಬ್ಬರು ಗುರುತಿಸದವರಂತೆ ಗೋಡೆಯ ಕ್ಯಾಲೆಂಡರ್ ನೋಡಿದೆವು. ಸ್ವಲ್ಪ ಹೊತ್ತಿಗೆ ಪಕ್ಕದವರ ಚೀಲದ ಬಾಯಿ ಸರಿಯಿತು. ಒಳಗೊಂದು ಗೈಡ್ ಇತ್ತು. ನನ್ನ ದಪ್ಪದ್ದಕ್ಕಿಂತಲೂ ದಪ್ಪ; ಹೆಡ್‌ಫೋನಿನ ಹುಡುಗಿಯ ಜಾಗದಲ್ಲಿ ಟೈ ಕಟ್ಟಿದ ಹುಡುಗ. ನಾನು ಹತ್ತಿರ ಸರಿದು ಕೂತೆ.

"ಎಕ್ಸೆಲ್‌ಗೆ ಎಷ್ಟು ಸಾಲು ಅಂತ ಉಂಟು ಇದರಲ್ಲಿ?"