ಮೇಳ ಕೂಡಿಸೂ ಮಾತು

ರಬಕವಿ-ಬನಹಟ್ಟಿಯಲ್ಲಿ ಯಾವ ಚರ್ಚೆಯಾದರೂ ಕರೆಂಟ್ ಹೋದಾಗಲೇ ಶುರುವಾಗಬೇಕು. ಕರೆಂಟ್ ಇದ್ದಷ್ಟು ಹೊತ್ತು ಪಾವರ್‌ಲೂಮಿನ ಸಪ್ಪಳ. ಗಂಡ-ಹೆಂಡಿರ ಜಗಳ ಕೂಡ ಕೈಸನ್ನೆಯಲ್ಲೇ ತೀರಬೇಕು. ಕರೆಂಟ್ ಹೋಯಿತೆಂದರೆ ಮಗ್ಗಗಳು ಬಾಯಿ ಮುಚ್ಚುತ್ತವೆ, ನೇಕಾರರು ಬಾಯಿ ತೆರೆಯುತ್ತಾರೆ. ಈಚೆಗೆ ಹಾಗೆ ತೆರೆದ ಬಾಯಿಗಳಿಂದ ಚಾದಂಗಡಿಯ ಕಟ್ಟೆಯ ಮೇಲೆ ಬೀಳುವ ವಿಷಯ ಒಂದೇ: ಒಡೆದುಹೋದ ನಮ್ಮ ಪಾರಿಜಾತದ ಮೇಳವನ್ನು ಮತ್ತೆ ಕೂಡಿಸುವುದು ಹೇಗೆ?

ಶ್ರೀಕೃಷ್ಣ ಪಾರಿಜಾತ ಅಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಸಿಟ್ಟಾದಳು. ಕಥೆ ಇಷ್ಟೇ. ಇದಕ್ಕೆ ಇಡೀ ರಾತ್ರಿ ಬೇಕು, ಯಾಕೆಂದರೆ ನಡುವೆ ಭಾಗವತ ಮತ್ತು ದೂತಿ ಇದ್ದಾರೆ. ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ಬಯಲಾಟಕ್ಕೆ ಇಳಿಸಿದರೆನ್ನುತ್ತಾರೆ. ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನವರ ಹೆಸರು ಎತ್ತಿದರೆ ಇವತ್ತಿಗೂ ಮುದುಕರು ಬಗಲಲ್ಲಿದ್ದ ಟವೆಲ್ಲು ಕೊಡವಿ ನೆಟ್ಟಗೆ ಕೂರುತ್ತಾರೆ. ದೂತಿ ಸತ್ಯಭಾಮೆಯ ಸಖಿ ಹೌದು, ನಾಲಿಗೆ ಮಾತ್ರ ಪಕ್ಕಾ ನಮ್ಮೂರಿನದು. ಗೌಡರ ಮೀಸೆ, ಸೊಸೈಟಿ ಸಾಲ, ಕಬ್ಬಿನ ಬಾಕಿ ಬಿಲ್ಲು ಎಲ್ಲವೂ ಅವಳ ದ್ವಾರಕೆಯಲ್ಲಿ ಸಿಗುತ್ತವೆ.

ನಮ್ಮ ಮೇಳ ಒಡೆದದ್ದು ಆಯೇರಿಯ, ಅಂದರೆ ಮೆಚ್ಚಿಗೆಯ ಕಾಣಿಕೆಯ ಮೇಲೆ. ಒಬ್ಬ ಅಭಿಮಾನಿ ರಾತ್ರಿ ಎರಡರ ಸುಮಾರಿಗೆ ಎದ್ದು ಹೋಗಿ ಐವತ್ತರ ನೋಟೊಂದನ್ನು ಹಾರ್ಮೋನಿಯಂ ಪೇಟಿಯ ಮೇಲಿಟ್ಟು ಕೈಮುಗಿದು ಬಂದ. ದೂತಿಯ ಮಾತಿಗೋ ಭಾಗವತರ ಹಾಡಿಗೋ ಹೇಳಲಿಲ್ಲ. ಭಾಗವತರು ತಾಳ ಹಾಕುತ್ತಲೇ ನೋಟು ನೋಡಿದರು, ದೂತಿ ಕುಣಿಯುತ್ತಲೇ ನೋಡಿದಳು. ಇಬ್ಬರೂ ನೋಡುತ್ತಿರುವಾಗ ಪೇಟಿ ಮಾಸ್ತರು ಎಡಗೈಯಿಂದ ತಿದಿ ಒತ್ತುತ್ತ ಬಲಗೈಯಿಂದ ಅದನ್ನು ಕಿಸೆಗೆ ಇಳಿಸಿದರು. ಪೇಟಿಯ ಮೇಲಿಟ್ಟದ್ದು ಪೇಟಿಗೇ ಸೇರಿದ್ದು ಎಂಬುದು ಅವರ ವಾದ. ಆ ಐವತ್ತು ರೂಪಾಯಿಗೆ ಮೇಳ ಮೂರು ಪಾಲಾಯಿತು.

ಅಷ್ಟರಲ್ಲಿ ಆಲಮಟ್ಟಿ ಅಣೆಕಟ್ಟಿನ ನೀರು ಬಂತು. ಬೀಳಗಿ ಸೀಮೆಯ ಊರೂರೇ ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. ಭಾಗವತರು ಒಂದು ಕೇಂದ್ರದಲ್ಲಿ, ಪೇಟಿ ಮಾಸ್ತರು ಇನ್ನೊಂದರಲ್ಲಿ, ಅವರು ಆಡುತ್ತಿದ್ದ ಕಟ್ಟೆ ಹಿನ್ನೀರಿನಲ್ಲಿ. ಜಲಾಶಯ ಈಗ 519.60 ಮೀಟರಿಗೆ ತುಂಬುತ್ತದೆ, ಅದನ್ನು 524ರ ಮೇಲೆ ಒಯ್ಯುವ ಮಾತು ವರ್ಷಗಳಿಂದ ನಡೆದಿದೆ. “ಮೇಳ ಕೂಡಸೂದಾದ್ರ ಲಗೂನ ಕೂಡಸ್ರಿ, ಉಳದ ಕಟ್ಟಿನೂ ನೀರಾಗ ಹೋಗೂದೈತಿ” ಎಂದು ನಮ್ಮ ಕಟ್ಟೆಗೆ ಬರುವ ಬೀಳಗಿಯ ಮಾಸ್ತರು ಹೇಳುವುದರಲ್ಲಿ ಅರ್ಥವಿದೆ.

ಈ ಮಾಸ್ತರರು ಹಿಡಿದ ಮಾತು ಎಲ್ಲೇ ಇರಲಿ, ಬೀಳಗಿಗೆ ತಂದೇ ಬಿಡುತ್ತಾರೆ. “ಮುಂಬೈದಾಗ 1921ರಾಗ ಏನಾತು ಗೊತ್ತೈತಿಲ್ಲೋ? ಬಾಲಗಂಧರ್ವರು, ಕೇಶವರಾವ್ ಭೋಸಲೆ, ಇಬ್ಬರೂ ಎದುರಾಳಿ ಕಂಪನಿಯವರು. ತಿಲಕ್ ಸ್ವರಾಜ್ಯ ಫಂಡಿನ ಸಲುವಾಗಿ ಒಂದ ಸ್ಟೇಜಿನ ಮ್ಯಾಲೆ ‘ಸಂಯುಕ್ತ ಮಾನಾಪಮಾನ’ ಆಡಿದ್ರು! ಆ ಬಾಲಗಂಧರ್ವರ ಕಂಪನಿಗೆ ಮುಂದ ಹೋಗಿ ನಿಂತಾಕಿ ಯಾರು? ನಮ್ಮ ಬೀಳಗಿ ಗೋಹರಬಾಯಿ. ಆಕಿ ತಂಗಿ ಅಮೀರಬಾಯಿ ಯಾರು? 1943ರ ‘ಕಿಸ್ಮತ್’ ಸಿನೆಮಾದಾಗ ಹಾಡಿದಾಕಿ!” ಇಷ್ಟಾದ ಮೇಲೆ ನಮ್ಮ ಮೇಳ ಕೂಡಲೇಬೇಕೆಂದು ಯಾವ ತರ್ಕದಿಂದ ಸಿದ್ಧವಾಯಿತೋ ಕೇಳುವ ಧೈರ್ಯ ಯಾರಿಗೂ ಇಲ್ಲ.

ಜಮಖಂಡಿಯಿಂದ ಬರುವ ನಿವೃತ್ತ ಗುಮಾಸ್ತರಿಗೆ ಎಲ್ಲವೂ ಕಾಗದದ ಮೇಲೆ ಬೇಕು. ಅಲ್ಲಿನ ಪಟವರ್ಧನರ ಸಂಸ್ಥಾನ 1948ರಲ್ಲೇ ವಿಲೀನವಾದರೂ ಇವರೊಳಗೆ ಇನ್ನೂ ಆಗಿಲ್ಲ. ಆಯೇರಿ ಹಂಚಿಕೆಗೆ ಸ್ಟಾಂಪ್ ಪೇಪರಿನ ಕರಾರು ಆಗಲಿ ಅನ್ನುತ್ತಾರೆ. ಮುಧೋಳದ ಬೀಗರದು ಬೇರೆ ಹಟ. ಅವರೂರಿನಲ್ಲಿ ನಾಯಿಗೇ ತಳಿ ನೋಡುತ್ತಾರೆ, ನಾರದನಿಗೆ ಬಿಡುತ್ತಾರೆಯೇ? “ಹಳೇ ಮಂದಿನ ಬೇಕ್ರಿ. ಒಬ್ಬ ಹೊಸಬ ಬಂದ್ರೂ ಅದು ಆ ಮೇಳ ಅಲ್ಲ.” ತಬಲಾದವನು ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ ಎಂದರೆ, “ಅಂವಾ ಒಬ್ಬಾಂವ ಬ್ಯಾಡ” ಎಂದು ದೊಡ್ಡ ಮನಸ್ಸು ಮಾಡಿದರು.

ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗ ಆಗ ಬಾಯಿ ಹಾಕಿದ. “ಮಾಮಾ, ಲೆಡ್ ಜೆಪ್ಪೆಲಿನ್ ಅಂತ ಇಂಗ್ಲೆಂಡಿನ ಮೇಳ ಇತ್ತು. ಡ್ರಮ್ ಬಾರಸಾಂವ 1980ರಾಗ ಸತ್ತ, ಮೇಳ ನಿಂತಿತು. 2007ರಾಗ ಲಂಡನ್ನಿನ್ಯಾಗ ಒಂದ ಆಟ ಹಚ್ಚಿದ್ರು, ಅವನ ಮಗಾನ ಡ್ರಮ್ಮಿಗೆ ಕುಂತ. ಟಿಕೆಟ್ ಕೇಳಿದವರು ಎರಡು ಕೋಟಿ ಅಂತ!” ಕಟ್ಟೆಗೆ ಹುರುಪು ಬಂತು. ನಮ್ಮ ತಬಲಾದವನ ಮಗನೂ ಇದ್ದಾನೆ, ಆದರೆ ಅವನು ಡಿಜೆ ಇಟ್ಟಿದ್ದಾನೆ. ಓಯಸಿಸ್ ಎಂಬ ಮೇಳದ ಅಣ್ಣ-ತಮ್ಮ 2009ರಲ್ಲಿ ಜಗಳಾಡಿ ದೂರವಾದವರು 2025ರ ಜುಲೈನಲ್ಲಿ ಮತ್ತೆ ಒಟ್ಟಿಗೆ ಹಾಡಿದರು ಎಂದೂ ಹೇಳಿದ. ಗುಮಾಸ್ತರು ಒಡನೆ ಕೇಳಿದರು: “ಕರಾರು ಬರದಿದ್ರೇನು?”

ಕೊನೆಗೆ ನಾಲ್ಕೂ ಊರಿನವರು ಒಂದು ಟಂಟಂ ಮಾಡಿಕೊಂಡು ಭಾಗವತರ ಮನೆಗೆ ಹೋದೆವು. ಹಿಂದೆ ಬಿಳಿ ನಾಲ್ಕರಲ್ಲಿ ಎತ್ತುತ್ತಿದ್ದ ದನಿ ಈಗ ಕರಿ ಒಂದಕ್ಕೆ ಇಳಿದಿದೆ. ಚಾ ಕುಡಿಸಿ, ನಮ್ಮೆಲ್ಲರ ಮಾತು ಕೇಳಿ, ಅವರು ಹೇಳಿದ್ದು ಇಷ್ಟು: “ನಾ ಹಾಡತೀನ್ರೆಪಾ. ಕೊರವಂಜಿ ಬರೂತನಾ ಎಚ್ಚರ ಇರಾವರು ಯಾರ್ಯಾರು, ಹೆಸರು ಹೇಳ್ರಿ.”

ಆಟದಲ್ಲಿ ಕಣಿ ಹೇಳುವ ಕೊರವಂಜಿ ಬರುವುದು ಬೆಳಗಾಗುವ ಹೊತ್ತಿಗೆ. ಗುಮಾಸ್ತರಿಗೆ ಒಂಬತ್ತಕ್ಕೆ ಸಕ್ಕರೆ ಗುಳಿಗೆ, ಒಂಬತ್ತೂವರೆಗೆ ನಿದ್ದೆ. ಬೀಗರ ಮೊಣಕಾಲು ನೆಲಕ್ಕೆ ಬಾಗುವುದಿಲ್ಲ. ಮಾಸ್ತರರು ತಾಸಿಗೊಮ್ಮೆ ಎದ್ದು ಹೊರಗೆ ಹೋಗಿಬರಬೇಕು. ನೇಕಾರರಿಗೆ ಮುಂಜಾನೆ ಮಗ್ಗ. ಕಲಾವಿದರನ್ನು ಕೂಡಿಸಬಹುದು, ಅವರು ಗಟ್ಟಿ ಮಂದಿ. ಕೆಟ್ಟು ಚೂರಾದದ್ದು ಪ್ರೇಕ್ಷಕರ ಮೇಳ. ಇದನ್ನು ಯಾವ ಅಭಿಮಾನಿಯೂ ಒಪ್ಪುವುದಿಲ್ಲ, ನಾನೂ ಆ ದಿನ ಒಪ್ಪಲಿಲ್ಲ.

ಕಟ್ಟೆಗೆ ಮರಳಿದ ಮೇಲೆ, ಹಾಗಾದರೆ ಎರಡು ತಾಸಿಗೆ ಇಳಿಸೋಣ ಎಂಬ ಸಲಹೆ ಬಂತು. ಏನನ್ನು ಕತ್ತರಿಸುವುದು? ಗೊಲ್ಲತಿಯ ಪ್ರಸಂಗ ಬಿಡಲು ಮಾಸ್ತರು ಒಪ್ಪರು, ದೂತಿಯ ಒಂದು ಮಾತು ಬಿಡಲೂ ಬೀಗರು ಒಪ್ಪರು. ಸತ್ಯಭಾಮೆಯ ಸಿಟ್ಟನ್ನು ಮೊಟಕು ಮಾಡಿದರೆ ಹೇಗೆ ಎಂದು ಗುಮಾಸ್ತರು ಕೇಳಿದಾಗ ಚಾದಂಗಡಿ ಅವ್ವ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು: “ಆಕಿ ಸಿಟ್ಟು ಸಣ್ಣದ ಐತೋ ಯಪ್ಪಾ. ಗಂಡಸೂರು ತಪ್ಪಾತು ಅನ್ನಾಕ ರಾತ್ರಿಪೂರ್ತಿ ಹಿಡಿತೈತಿ.” ಅಷ್ಟರಲ್ಲಿ ಕರೆಂಟ್ ಬಂತು.

ಒಟ್ಟಿನಲ್ಲಿ ಉಗಾದಿಯಾದ ಮೇಲೆ ಆಟ ನಿಕ್ಕಿಯಾಗಿದೆ, ಪೂರ್ತಿ ಆಟ, ರಾತ್ರಿ ಹತ್ತರಿಂದ. ಖುರ್ಚಿ ಇಲ್ಲ, ಜಮಖಾನೆ ನೀವೇ ತರಬೇಕು. ಮಧ್ಯಾಹ್ನ ಮಲಗಿ ಎದ್ದು ಬನ್ನಿ. ಆಯೇರಿ ಹಾಕುವವರಲ್ಲಿ ಒಂದೇ ವಿನಂತಿ: ಯಾರಿಗೆಂದು ಬಾಯಿಬಿಟ್ಟು ಹೇಳಿ, ಅವರ ಕೈಗೇ ಕೊಡಿ. ಪೇಟಿಯ ಮೇಲೆ ಮಾತ್ರ ಇಡಬೇಡಿ.