ಓಹಿಯೋದ ಎಡಗಾಲು, ಶಿರಸಿಯ ಯಾವುದೋ ಕಾಲು

ಅಮೆರಿಕದ ಓಹಿಯೋದಲ್ಲಿ ಒಬ್ಬ ಮುದುಕನಿಗೆ ನಡೆದರೆ ಎಡಗಾಲಿನ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಶಿರಸಿ ಸೀಮೆಯ ಹಳ್ಳಿಮನೆಯೊಂದರ ಮೆತ್ತಿಯ ಮೇಲೆ ಕೂತ ಹುಡುಗನಿಗೆ ಇದು ಗೊತ್ತು. ಕೆಳಗೆ ಜಗಲಿಯಲ್ಲಿ ಹೊಗೆಸೊಪ್ಪಿನ ಕವಳ ಹಾಕುತ್ತ ಕೂತ ಅವನ ಅಜ್ಜನಿಗೂ ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಇದು ಮಾತ್ರ ಯಾವ ಕಡತದಲ್ಲೂ ಇಲ್ಲ.

ಹುಡುಗ ಮೆಡಿಕಲ್ ಕೋಡರ್. ಬಿಎಸ್ಸಿ ಮುಗಿಸಿ, ಬೆಂಗಳೂರಿನಲ್ಲಿ ಕೋರ್ಸು ಮಾಡಿ ಕೆಲಸ ಹಿಡಿದವ ಕೊರೋನಾ ಕಾಲದಲ್ಲಿ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದ. ಕರೆಂಟು, ನೆಟ್‌ವರ್ಕು, ಮಳೆ ಮೂರೂ ಒಪ್ಪಿದ ದಿನ ಅಮೆರಿಕದ ವೈದ್ಯರು ಬರೆದದ್ದನ್ನು ಓದಿ ಒಂದೊಂದು ಕಾಯಿಲೆಗೂ ಸಂಖ್ಯೆ ಹಾಕುತ್ತಾನೆ. ಸಂಖ್ಯೆ ಸರಿಯಿದ್ದರೆ ಅಲ್ಲಿಯ ವಿಮೆಯವರು ದುಡ್ಡು ಬಿಚ್ಚುತ್ತಾರೆ. ತಪ್ಪಿದರೆ ಕಾಲೂ ವಾಪಸು, ಬಿಲ್ಲೂ ವಾಪಸು.

ಈ ಸಂಖ್ಯೆಗಳ ಮೂಲಪುರುಷ ಪ್ಯಾರಿಸ್ಸಿನ ಜಾಕ್ ಬರ್ಟಿಯೋಂ. ಜನ ಯಾವುದರಿಂದ ಸಾಯುತ್ತಾರೆ ಎಂದು ಲೆಕ್ಕವಿಡಲು 1893ರಲ್ಲಿ ಅವನು ಒಂದು ಪಟ್ಟಿ ಮಂಡಿಸಿದ. ಅದೇ ಬೆಳೆದು ಐಸಿಡಿ-10 ಆಯಿತು. 2015ರ ಅಕ್ಟೋಬರ್ 1ರಿಂದ ಅಮೆರಿಕ ಬಳಸುತ್ತಿರುವ ಅದರ ಆವೃತ್ತಿಯಲ್ಲಿ ಸುಮಾರು 70 ಸಾವಿರ ಸಂಖ್ಯೆಗಳಿವೆ. ಸತ್ತವರನ್ನು ಎಣಿಸಲು ಹುಟ್ಟಿದ್ದು ಈಗ ಬದುಕಿದ್ದವರ ಬಿಲ್ಲು ಎಣಿಸುತ್ತಿದೆ. ಕೋಳಿ ಕುಕ್ಕಿದರೆ ಒಂದು ಸಂಖ್ಯೆ, ಹಂದಿ ಕಚ್ಚಿದರೆ ಇನ್ನೊಂದು. ಮರದಿಂದ ಬಿದ್ದರೆ ಡಬ್ಲ್ಯು14. ನಮ್ಮ ಕೊನೆಗೌಡರು ಅಡಿಕೆ ಮರದಿಂದ ಬಿದ್ದರೆ ಮಾತ್ರ 'ಹಣೆಬರಹ'; ಅದಕ್ಕೆ ಸಂಖ್ಯೆಯಿಲ್ಲ.

ಓಹಿಯೋದ ಎಡಗಾಲು ಐ70.212. ಬಲಗಾಲಾಗಿದ್ದರೆ 211, ಎರಡೂ ಆದರೆ 213. ಮಲಗಿದಾಗಲೂ ನೋವಿದ್ದರೆ ಐ70.22, ಕೊಳೆತರೆ ಐ70.26. ಸಕ್ಕರೆ ಕಾಯಿಲೆಯೂ ಇದ್ದರೆ ಜೊತೆಗೆ ಇ11.51. ತಂಬಾಕು ಅಗಿಯುವ ಚಟಕ್ಕೆ ಎಫ್17.220. ಒಂದೇ ಕಾಲಿಗೆ ಇಷ್ಟು ಮರ್ಯಾದೆ! ನಮ್ಮಲ್ಲಿ ಅಡಿಕೆಗಿದೆ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಆರಿಸಿ ಬೇರೆ ಬೇರೆ ದರ ಹಾಕುತ್ತೇವೆ. ಅದನ್ನು ಬೆಳೆದವನ ಕಾಲಿಗೆ ಆ ಭಾಗ್ಯವಿಲ್ಲ.

ಅಜ್ಜನ ಚೀಟಿ ನೋಡಿ. 'ಲೆಗ್ ಪೇನ್' ಎಂದಿದೆ. ಯಾವ ಕಾಲು ಎಂದಿಲ್ಲ, ಎಷ್ಟು ದೂರಕ್ಕೆ ಎಂದಿಲ್ಲ, ಹೊಗೆಸೊಪ್ಪಿನ ಸುದ್ದಿಯೇ ಇಲ್ಲ. ಒಂದು ನೋವಿನ ಗುಳಿಗೆ, ಒಂದು ಕ್ಯಾಲ್ಸಿಯಂ, ನೋವಿನ ಗುಳಿಗೆಯಿಂದ ಹೊಟ್ಟೆ ಉರಿಯದಿರಲು ಒಂದು ಗ್ಯಾಸಿನ ಗುಳಿಗೆ. ಸಾಲಿನಲ್ಲಿ ನೂರು ಜನ, ಒಳಗೆ ಒಬ್ಬ ಡಾಕ್ಟರು. ಎರಡು ಶಬ್ದ ಬರೆದದ್ದೇ ಉಪಕಾರ. ಅಮೆರಿಕದ ಲೆಕ್ಕದಲ್ಲಿ ಇದು ಎಂ79.606, ಅಂದರೆ 'ಯಾವುದೋ ಕಾಲು ನೋವು'. ಹುಡುಗ ಓಹಿಯೋಕ್ಕೆ ಹೀಗೆ ಬರೆದರೆ ಅವನ ನಿಖರತೆಯ ಅಂಕ ಶೇ. 95ರಿಂದ ಕೆಳಗಿಳಿದು ಮ್ಯಾನೇಜರಿನ ಫೋನು ಬರುತ್ತದೆ.

ಅಜ್ಜ ವಿವರ ಕೊಟ್ಟಿಲ್ಲವೆಂದಲ್ಲ. "ತಮಾ, ನಾಲ್ಕ್ ಮಾರು ನಡದ್ರೆ ಹಿಡೀತು, ನಿತ್ಕಂಡ್ರೆ ಬಿಡ್ತು" ಎಂದು ಬಂದವರಿಗೆಲ್ಲ ಹೇಳಿದ್ದಾರೆ. ಕಾಲಿನ ರಕ್ತನಾಳ ಕಟ್ಟಿಕೊಂಡವನ ಲಕ್ಷಣ ಇದಕ್ಕಿಂತ ಚೊಕ್ಕವಾಗಿ ಪಠ್ಯಪುಸ್ತಕದಲ್ಲೂ ಸಿಗದು. ಫೊಂಟೇನ್ ಎಂಬ ಫ್ರೆಂಚ್ ವೈದ್ಯ 1954ರಲ್ಲಿ ಇದನ್ನೇ ಹಂತ ಮಾಡಿದ; ಆ ಹಂತಗಳಲ್ಲಿ 200 ಮೀಟರಿಗೊಂದು ಗೆರೆಯಿದೆ. ಅಜ್ಜನ ಗೆರೆ ಬೇರೆ: ಹೋದ ವರ್ಷ ಸೊಪ್ಪಿನಬೆಟ್ಟದವರೆಗೆ, ಈ ವರ್ಷ ತೋಟದ ದಣಪೆಯವರೆಗೆ. ಕೇಳಿದವರು ವಾಯು ಎಂದರು, ನರ ಎಂದರು, ಎಣ್ಣೆ ತಿಕ್ಕಿ ಎಂದರು. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ, 0.9ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಎಂದು ಹೇಳಬಹುದು. ಬೇಕಾದದ್ದು ಬಿಪಿ ಪಟ್ಟಿ, ಅಂಗೈಯಗಲದ ಡಾಪ್ಲರ್, ಒಂದು ಭಾಗಾಕಾರ. ತೋಳಿಗೆ ಕಟ್ಟುವ ಪಟ್ಟಿ ಕಣಕಾಲಿನವರೆಗೆ ಬಗ್ಗುವುದೇ ಇಲ್ಲ, ಮಹಾ ಬಿಗುಮಾನ ಅದಕ್ಕೆ.

ಸರ್ಕಾರ ಕೈಬಿಟ್ಟಿದೆ ಎಂದರೆ ಸುಳ್ಳಾಗುತ್ತದೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವಿದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಅದರಲ್ಲೂ ಚಿಕಿತ್ಸೆಗೊಂದು ಕೋಡು ಉಂಟು. ಆದರೆ ಆಸ್ಪತ್ರೆಯಲ್ಲಿ ಮಲಗಬೇಕು. ನಡೆದುಕೊಂಡು ಬಂದು 'ನಡೆಯಲು ಆಗುವುದಿಲ್ಲ' ಎನ್ನುವವನನ್ನು ಯಾವ ಪ್ಯಾಕೇಜಿಗೆ ಸೇರಿಸುವುದು? ಬೆರಳು ಕಪ್ಪಾಗಲಿ, ವಾಸನೆ ಬರಲಿ, ಆಗ ಕಡತ ಏಳುತ್ತದೆ. ಕಾಲು ತೆಗೆದ ಮೇಲಂತೂ ಐಸಿಡಿಯಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ: ಮೊಣಕಾಲ ಕೆಳಗೆ ಇಲ್ಲದ ಬಲಗಾಲಿಗೆ ಝಡ್89.511, ಎಡಗಾಲಿಗೆ 512.

ಮಲಗುವುದಾದರೂ ಎಲ್ಲಿ? ಯಲ್ಲಾಪುರದವರು ಹುಬ್ಬಳ್ಳಿಗೆ, ಸಿದ್ದಾಪುರದವರು ಸಾಗರ ದಾಟಿ ಶಿವಮೊಗ್ಗಕ್ಕೆ, ಶಿರಸಿಯವರು ಹುಬ್ಬಳ್ಳಿಗೋ ಘಟ್ಟ ಇಳಿದು ಮಣಿಪಾಲಕ್ಕೋ. 2022ರಲ್ಲಿ ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದು ಅಭಿಯಾನ ಮಾಡಿದರು. ಮರುವರ್ಷ ಚುನಾವಣೆ ಬಂತು. ಮತಗಟ್ಟೆಗೆ ನಾಲ್ಕು ಮಾರು ನಡೆದು, ನಿಂತು, ಮತ್ತೆ ನಡೆದು ಹೋಗಿ ಬಟನ್ ಒತ್ತಿ ಬಂದವರಲ್ಲಿ ಅಜ್ಜನೂ ಒಬ್ಬರು.

ಕೊನೆಗೆ ಮೊಮ್ಮಗನೇ ಒಂದು ಹಾಳೆ ಬರೆದುಕೊಟ್ಟ: ಯಾವ ಕಾಲು, ಎಷ್ಟು ದೂರ, ಎಷ್ಟು ಹೊತ್ತಿಗೆ ಬಿಡುತ್ತದೆ, ದಿನಕ್ಕೆಷ್ಟು ಕವಳ. ಅಜ್ಜ ಅದನ್ನು ಡಾಕ್ಟರ ಮುಂದಿಟ್ಟರು. ಡಾಕ್ಟರು ಓದಿದರು, ಪಾದ ಮುಟ್ಟಿ ನಾಡಿ ನೋಡಿದರು, ಹೊಗೆಸೊಪ್ಪು ಬಿಡಿ ಎಂದು ಗದರಿದರು, ಹುಬ್ಬಳ್ಳಿಗೆ ಚೀಟಿ ಬರೆದರು. ಅಜ್ಜ ಮನೆಗೆ ಬಂದವರೇ ಮೆಟ್ಟಿಲಿನ ಬುಡದಲ್ಲಿ ನಿಂತು ಕೂಗಿದರು:

"ತಮಾ, ಕಾಯಿಲೆ ಹೆಸರು ಬರದ್ದ ನೋಡು. ಯಂಗೂ ಒಂದು ನಂಬರ್ ಹಾಕು."

ಹುಡುಗ ಇಳಿದು ಬಂದು ಚೀಟಿ ನೋಡಿದ. '? ಪಿವಿಡಿ' ಎಂದಿತ್ತು; ಪಿವಿಡಿ ಅಂದರೆ ಅದೇ, ರಕ್ತನಾಳದ ಕಾಯಿಲೆ.

"ಮುಂದೆ ಪ್ರಶ್ನಾರ್ಥಕ ಇದ್ದಲಾ ಅಜ್ಜ," ಎಂದ. "ಅನುಮಾನಕ್ಕೆ ಕೋಡ್ ಹಾಕಲೆ ಬತ್ತಿಲ್ಲೆ."