ಐವತ್ತು ರೂಪಾಯಿಯ ನಂದನವನ

ಹತ್ತು ವರ್ಷಗಳ ಕಾಲ ಬಾಡಿಗೆದಾರರ ವಶದಲ್ಲಿದ್ದ ಮೈಸೂರಿನ ನಮ್ಮ ಹಳೆಯ ಮನೆಗೆ 1974ರ ಮಾರ್ಗಶಿರದಲ್ಲಿ ಮರಳಿ ಬಂದು ಹಿತ್ತಲ ಬಾಗಿಲ ಅಗುಳಿಯನ್ನು ಸರಿಸಿದಾಗ, ಕದವು ಕದಲಲೊಲ್ಲದೆ ನಿಂತುದಕ್ಕೆ ತುಕ್ಕೇ ಕಾರಣವೆಂದು ಮೊದಲು ಬಗೆದೆನಾದರೂ, ಇದ್ದಬದ್ದ ಭುಜಬಲವನ್ನೆಲ್ಲ ವ್ಯಯಿಸಿ ನೂಕಿದ ಮೇಲೆ, ಆಚೆಯಿಂದ ಅದನ್ನು ಒತ್ತಿ ಹಿಡಿದಿದ್ದುದು ಲಂಟಾನದ ಪೊದೆಯೆಂಬುದು ವಿದಿತವಾಯಿತು. ನನ್ನ ತೀರ್ಥರೂಪರು ಸಾಯಂಕಾಲ ಬೆತ್ತದ ಕುರ್ಚಿ ಹಾಕಿಸಿಕೊಂಡು ವಿರಾಜಮಾನರಾಗುತ್ತಿದ್ದ ಸ್ಥಳದಲ್ಲಿ ಈಗ ಎದೆಮಟ್ಟದ ಕಾಂಗ್ರೆಸ್ ಗಿಡ ವಿರಾಜಿಸುತ್ತಿತ್ತು.

ಈ ಗಿಡದ ವಿಷಯವಾಗಿ ಎರಡು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಅಮೆರಿಕದ ಗೋಧಿಯೊಡನೆ ಬಂದಿತೆಂಬ ಪ್ರತೀತಿಯುಳ್ಳ, ಐವತ್ತರ ದಶಕದ ನಡುವೆ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದ ಈ ಅತಿಥಿಯು, ಒಂದೊಂದು ಗಿಡಕ್ಕೆ ಹತ್ತು ಸಾವಿರಕ್ಕೂ ಮಿಗಿಲಾದ ಬೀಜವನ್ನು ಉದುರಿಸಬಲ್ಲದಾದುದರಿಂದ, ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತರೆ ಮಾತ್ರ ಗೆಲವು; ಕಿತ್ತವನಿಗೆ ದೊರೆಯುವ ಬಹುಮಾನವೆಂದರೆ ಮೈತುರಿಕೆ ಮತ್ತು ಸೀನು.

ಉದ್ಯಾನದ ಜೀರ್ಣೋದ್ಧಾರಕ್ಕೆಂದು ಮನೆಯಾಕೆಯು ಸಾಸಿವೆ ಡಬ್ಬಿಯಿಂದ ಐವತ್ತು ರೂಪಾಯಿ ತೆಗೆದುಕೊಟ್ಟು, “ಇದು ಮುಗಿದರೆ ಮತ್ತೆ ಕೇಳಕೂಡದು ನೋಡಿ” ಎಂದಳು. ಲಾಲ್‌ಬಾಗಿಗೆ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಸಾಹೇಬರು, ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಸಾಲುಮರಗಳನ್ನು ಯೋಜಿಸಿದರೆಂಬುದನ್ನು ಓದಿದ್ದ ನಾನು, ಅದೇ ಕ್ರಮವನ್ನು ಅನುಸರಿಸುವೆನೆಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಅವರ ಬೆನ್ನಿಗೆ ಮಹಾರಾಜರ ಬೊಕ್ಕಸವಿದ್ದಿತು. ನನ್ನ ಬೆನ್ನಿಗೆ ಇದ್ದುದು ಬೆನ್ನುನೋವು.

ಕರೆಸಿದ ಮಾಲಿಯು ಬಾಗಿಲಲ್ಲೇ ನಿಂತು ನೋಡಿ, “ಇದಕ್ಕೆ ಆಳು ಸಾಲದು ಬುದ್ಧಿ, ಆಡು ಕಟ್ಟಿ” ಎಂದು ಕಾಫಿ ಕುಡಿದು ಹೊರಟುಹೋದನು. ಪುಕ್ಕಟೆಯ ಉಪದೇಶವೆಂಬ ಸಂಭ್ರಮದಲ್ಲಿ ಹಿಂದಿನ ಬೀದಿಯಿಂದ ಆಡೊಂದನ್ನು ಎರವಲು ತಂದು ಬಿಟ್ಟರೆ, ಅದು ಲಂಟಾನವನ್ನು ಮೂಸಿ, ಕಾಂಗ್ರೆಸ್ಸಿಗೆ ಬೆನ್ನು ತಿರುಗಿಸಿ, ಆ ಅರಣ್ಯಮಧ್ಯದಲ್ಲಿ ಅಳಿದುಳಿದಿದ್ದ ನಮ್ಮ ತಾಯಿಯ ಕಾಲದ ಮಲ್ಲಿಗೆಯ ಬಳ್ಳಿಯನ್ನು ಹುಡುಕಿ, ಮೊಣಕಾಲೆತ್ತರಕ್ಕೆ ಬೋಳಿಸಿ, ಸಂತೃಪ್ತಿಯಿಂದ ಮೆಲುಕು ಹಾಕುತ್ತ ಮಲಗಿತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಾತನಾಡಲಿಲ್ಲ.

ಮುಂದಿನ ಎರಡು ತಿಂಗಳು ಗುದ್ದಲಿಯೂ ನಾನೂ ಪರಸ್ಪರ ಸವೆದೆವು. ಹೊಂಗೆ ಹಿಂಡಿಗೆ, ಕುಡುಗೋಲಿನ ಸಾಣೆಗೆ, ಒಂದು ಗಾಡಿ ಕೊಟ್ಟಿಗೆ ಗೊಬ್ಬರಕ್ಕೆ ಮೂವತ್ತೆಂಟು ರೂಪಾಯಿ ಹೋಯಿತು. ಮಿಕ್ಕ ಪೋಷಣೆಯೆಲ್ಲ ತರಗೆಲೆ, ಅಕ್ಕಿ ತೊಳೆದ ನೀರು, ಕಾಫಿಯ ಚರಟಗಳಿಂದ. ಆದರೆ ಚೈತ್ರದಲ್ಲಿ ಆ ಬೋಳು ಬಳ್ಳಿಯು ಮೈತುಂಬ ಚಿಗುರಿ ಮೊಗ್ಗು ಬಿಟ್ಟುದನ್ನು ಕಂಡ ಹೂವಾಡಗಿತ್ತಿಯು, “ಚಳಿಗಾಲದಾಗೆ ಚೆನ್ನಾಗಿ ಸವರಿಸಿದ್ದೀರಿ, ಯಾರ ಕೈಲಿ ಮಾಡಿಸಿದ್ರಿ?” ಎಂದು ಕೇಳಿದಾಗ ನಾನು ಗಂಭೀರವಾಗಿ, “ಗೊತ್ತಿದ್ದವರೊಬ್ಬರು” ಎಂದೆ.

ಗಿಡಗಳನ್ನು ಕೊಳ್ಳಲು ಮಿಕ್ಕ ಹಣ ಸಾಲದಾಗಿತ್ತು. ಆಷಾಢದ ಜಡಿಮಳೆಯಲ್ಲಿ ದಾಸವಾಳದ ಕಡ್ಡಿ ಬೇಗ ಬೇರು ಬಿಡುವುದೆಂದು ತಿಳಿದು, ಎದುರುಮನೆಯ ಅಜ್ಜಿಯಲ್ಲಿ ಹೋಗಿ ಒಂದು ರೆಂಬೆ ಯಾಚಿಸಿದರೆ, ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕೇಳಿ ತಂದದ್ದು ಹತ್ತೋಲ್ಲ ಕಣಪ್ಪಾ, ಕದ್ದು ತಂದದ್ದೇ ಹತ್ತೋದು. ಒಲೆ ಮೇಲೆ ಹಾಲಿಟ್ಟಿದೀನಿ, ನೋಡ್ಕೊಂಡು ಬರ್ತೀನಿ” ಎಂದು ಒಳಗೆ ಹೋಗಿ, ನಾನು ಬೆವರುತ್ತ ಕಡ್ಡಿ ಮುರಿಯುವಷ್ಟು ಹೊತ್ತೂ ಬೇಕೆಂದೇ ಪಾತ್ರೆಗಳ ಸದ್ದು ಮಾಡುತ್ತಿದ್ದರು. ಈ ವಿಧಿಯಿಂದಲೇ ಇಡೀ ಬೀದಿಯ ನಂದಿಬಟ್ಟಲು, ಕಣಗಿಲೆ, ಪಾರಿಜಾತಗಳು ನಮ್ಮ ಹಿತ್ತಲಿನ ಡಾಲ್ಡಾ ಡಬ್ಬಿಗಳಲ್ಲಿ ಬೇರೂರಿದವು.

ಕಾರ್ತೀಕದ ಒಂದು ಬೆಳಗ್ಗೆ, ಪಂಚೆ ಎತ್ತಿ ಕಟ್ಟಿದ್ದ ಅಪರಿಚಿತ ಮಹನೀಯರೊಬ್ಬರು ನಮ್ಮ ಬೇಲಿಯಾಚೆ ನಿಂತು ದಾಸವಾಳದ ರೆಂಬೆಯೊಂದನ್ನು ಆಸೆಯಿಂದ ಸವರುತ್ತಿದ್ದುದನ್ನು ಕಂಡೆನು. ಸಂಪ್ರದಾಯವನ್ನು ಬಲ್ಲವನಾದ ನಾನು ಥಟ್ಟನೆ ಒಳಗೆ ಹೋಗಿ, ಬಚ್ಚಲ ಹಂಡೆಯಲ್ಲಿ ತಂಬಿಗೆಯನ್ನು ಮುಳುಗಿಸಿ ಎತ್ತುತ್ತ, ಅವರಿಗೆ ಸಂಕೋಚವಾಗದಿರಲೆಂದು ಅಗತ್ಯಕ್ಕಿಂತ ತುಸು ಹೆಚ್ಚೇ ಹೊತ್ತು ಸದ್ದು ಮಾಡಿದೆ. ಹೊರಗೆ ಬಂದು ನೋಡಿದರೆ ದಾಸವಾಳದ ರೆಂಬೆ ಹಾಗೆಯೇ ಇತ್ತು. ಪಾರಿಜಾತವು ಡಬ್ಬಿಸಮೇತ ಹೋಗಿತ್ತು.